ತಿಜೋರಿಯ ಕನ್ನಡಿ ಮತ್ತು ಸೊಸೆಯ ವೀಸಾ

ನಮ್ಮ ಪಡಸಾಲೆಯಲ್ಲಿ ಸೀರೆ ಇಡುವ ಒಂದು ಕಬ್ಬಿಣದ ತಿಜೋರಿ ಇದೆ; ಅದರ ಬಾಗಿಲಿಗೆ ಆಳುದ್ದದ ಕನ್ನಡಿ ಇದೆ; ಆ ಕನ್ನಡಿಗೆ ಒಂದು ಐಬು ಇದೆ. ಎದುರಿಗೆ ನಿಂತರೆ ಎಂಥ ಚೆಲುವೆಯ ಗದ್ದವೂ ಒಂದು ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ಮನೆಗೆ ಬಂದ ಹೆಣ್ಣುಮಕ್ಕಳು ಅದರ ಮುಂದೆ ಕುಂಕುಮ ತಿದ್ದಿಕೊಳ್ಳಲು ಹೋಗಿ, ಗಾಬರಿಯಾಗಿ ಗದ್ದ ಮುಟ್ಟಿ ನೋಡಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಎಲ್ಲಿಂದ ಕಂಡೆ ಎಂದು ಕೇಳಿ. ಅಡುಗೆಮನೆಯ ಹೊಸ್ತಿಲ ಒಳಗೆ, ಬಾಗಿಲಿನ ಮರೆಗೆ ನಿಂತು ಓರೆಯಾಗಿ ನೋಡಿದರೆ ಅದೇ ಕನ್ನಡಿಯಲ್ಲಿ ಇಡೀ ಪಡಸಾಲೆ ಐಬಿಲ್ಲದೆ ಕಾಣುತ್ತದೆ. ಯಾರು ಬಂದರು, ಎಲ್ಲಿ ಕುಳಿತರು, ಬಶಿಯ ಚಹಾ ಮುಗಿಸಿದರೋ ಅರ್ಧಕ್ಕೆ ಬಿಟ್ಟರೋ, ಎಲ್ಲವೂ. ಅವರನ್ನು ನಾನು ನೋಡುತ್ತೇನೆ, ನನ್ನನ್ನು ಅವರು ನೋಡುವುದಿಲ್ಲ ಎಂಬ ನಂಬಿಕೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದೆ.

ಗಜೇಂದ್ರಗಡದ ನನ್ನ ಮೊಮ್ಮಕ್ಕಳೇ, ನಿಮ್ಮ ಆಯಿಗೆ ಮಂದಿಯೆಂದರೆ ಅಂಜಿಕೆ ಎಂಬುದು ನಿಮಗೆ ಗೊತ್ತಿದ್ದದ್ದೇ. ಮುಶಿಗೇರಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮಾಸ್ತರರು ಎಬ್ಬಿಸಿ ನಿಲ್ಲಿಸಿ ಕೇಳಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಕುಳಿತುಬಿಡುತ್ತಿತ್ತು. ಮಾತಾಡಲಾರದವರಿಗೆ ದೇವರು ಕಣ್ಣನ್ನು ಒಂದಿಷ್ಟು ಹೆಚ್ಚು ಚುರುಕಾಗಿ ಕೊಟ್ಟಿರಬೇಕು. ನರಗುಂದದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಕಣ್ಣಿಗೆ ಕನ್ನಡಿಯೂ ಸಿಕ್ಕಿತು. ನಿಮ್ಮ ಅವ್ವ ಗಿರಿಜಾಳನ್ನು ನೋಡಲು ಬಂದ ದಿನ ನಿಮ್ಮ ಅಪ್ಪ, ಯಾರೂ ನೋಡುತ್ತಿಲ್ಲವೆಂದುಕೊಂಡು ಎರಡು ಶೇಂಗಾದ ಉಂಡಿಗಳನ್ನು ಒಮ್ಮೆಗೇ ಬಾಯಿಗಿಟ್ಟುಕೊಂಡದ್ದನ್ನು ಕಂಡವಳು ನಾನೊಬ್ಬಳೇ. ಇಂದಿನವರೆಗೂ ಹೇಳಿರಲಿಲ್ಲ.

ಈಗ ನನ್ನ ಮಗ, ನಿಮ್ಮ ಮಾಮಾ ಈರಣ್ಣನ ಕತೆ. ರೋಣದ ಒಬ್ಬ ವ್ಯಾಪಾರಿಯ ಒಣಮೆಣಸಿನಕಾಯಿ ಹಡಗಿನಲ್ಲಿ ವಿಯೆಟ್ನಾಂ ದೇಶಕ್ಕೆ ಹೋಗುತ್ತದೆ. ಅದರ ಹಿಂದೆಯೇ ಮಾಲು ಒಪ್ಪಿಸಲೆಂದು ಈರಣ್ಣನೂ ಹೋದ. ನಾಲ್ಕು ವರ್ಷ ಮೆಣಸಿನಕಾಯಿ ಒಪ್ಪಿಸಿ, ಕಡೆಗೆ ತನ್ನನ್ನೇ ಒಪ್ಪಿಸಿಕೊಂಡು ಬಂದ. ಅಲ್ಲಿಯ ಗೋದಾಮಿನಲ್ಲಿ ಮೆಣಸಿನಕಾಯಿಯ ತೇವ ನೋಡುವ ಕೆಲಸದಲ್ಲಿದ್ದ ಹುಡುಗಿ, ಹೆಸರು ಲಾನ್. ನರಗುಂದದಲ್ಲಿಯೇ ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿ ಹಾಕುತ್ತೇನೆ, ಇವಳನ್ನೇ ಮದುವೆಯಾಗುತ್ತೇನೆ ಎಂದು, ನೋಡಿಹೋಗುವವರಿಗೆ ಕೊಡುವ ವೀಸಾದ ಮೇಲೆ ಅವಳನ್ನು ಕರೆದುಕೊಂಡು ಬಂದ. ಓಣಿಯವರು ಎರಡೇ ದಿನದಲ್ಲಿ ಅವಳನ್ನು ಲಾನವ್ವ ಎಂದು ಕರೆಯತೊಡಗಿದರು. ನಾನು ಕರೆಯಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಕನ್ನಡಿ ನೋಡಿದೆ.

ನೋಡಿದಷ್ಟೂ ಅನುಮಾನ. ಅಷ್ಟು ದೂರದಿಂದ ಬಂದವಳು ಒಂದೇ ಸಣ್ಣ ಪೆಟ್ಟಿಗೆ ತಂದಿದ್ದಾಳೆ, ಅಂದರೆ ಇರುವ ವಿಚಾರವಿಲ್ಲ. ಮುಂಜಾನೆ ಎದ್ದೊಡನೆ ಫೋನಿನಲ್ಲಿ ತನ್ನ ಅವ್ವನೊಡನೆ ಹಕ್ಕಿಯಂತೆ ಮಾತಾಡಿ ನಗುತ್ತಾಳೆ, ಅಂದರೆ ನಗುವುದು ನನ್ನನ್ನು ನೋಡಿಯೇ. ಅಡುಗೆಮನೆಯಲ್ಲಿ ಒಂದೊಂದೇ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾಳೆ. ಬೀಜದ ಸಪ್ಪಳ ಕೇಳಿ ತೇವ ಅಳೆಯುವುದು ಅವಳ ಕಸುಬಿನ ಪದ್ಧತಿ ಎಂದು ಈರಣ್ಣ ಹೇಳಿದ, ನಾನು ನಂಬಲಿಲ್ಲ. ಎಲ್ಲಕ್ಕಿಂತ ಹೆಚ್ಚಿನದು ಅವಳ ದಿಂಬಿನ ಕೆಳಗಿನ ಹಸಿರು ನೀರಿನ ಪುಟ್ಟ ಬಾಟಲಿ. ಮಗನಿಗೆ ಹಾಕಿದ ಮದ್ದು ಅದೇ ಎಂದು ನಿಶ್ಚಯಿಸಿ, ಒಂದು ಹನಿಯನ್ನು ಅರಳೆಗೆ ತಾಗಿಸಿಕೊಂಡು ಪಕ್ಕದ ಮನೆಯ ಹುಸೇನಬಿಯ ಹತ್ತಿರ ಹೋದೆ. ಗಾದಿ ಹೊಲಿಯುವ ಹುಸೇನಬಿ ನಾನು ಬಾಯಿ ಬಿಟ್ಟು ಮಾತಾಡುವ ಒಬ್ಬಳೇ ಗೆಳತಿ. ಅವಳು ಮೂಸಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು:

“ನೀಲವ್ವಾ, ಇದು ನೆಗಡಿ ಎಣ್ಣಿ. ನಿನ್ನ ಮಗಗ ಮದ್ದು ಹಾಕಾಕ ಇಷ್ಟ ದೂರಿಂದ ಯಾಕ ಬರಬೇಕಿತ್ತ ಅಕಿ? ಒಂದ ಸಲ ನಕ್ಕಿದ್ರ ಸಾಕಿತ್ತು, ಅಂವಾ ಅಂಥಾ ಮೊದ್ದ!”

ಮದುವೆ ಇದೇ ಪಡಸಾಲೆಯಲ್ಲಾಯಿತು. ಗಂಡ ಹೋದವಳು ಅಕ್ಷತೆಯ ಹೊತ್ತಿಗೆ ಮುಂದೆ ಬರಬಾರದೆಂಬುದು ನಮ್ಮ ಮನೆಯ ಹಳೆಯ ರೂಢಿ. ಆ ರೂಢಿ ಬೇಡವೆಂದ ಈರಣ್ಣ, ಗಿರಿಜಾ ಅತ್ತಳು, ನಾನು ಜಗ್ಗಲಿಲ್ಲ. ತಾಯಿಯ ಜಾಗದಲ್ಲಿ ಹೊಳೆಮಣ್ಣೂರಿನಿಂದ ಬಂದಿದ್ದ ನನ್ನ ನೆಗೆಣ್ಣಿ ಶಾಂತವ್ವನನ್ನು ಕೂಡ್ರಿಸಿದೆ. ಆಗ ರೂಢಿಯ ಮಾತು ಹೇಳಿದೆ. ಇಂದು ನಿಮ್ಮ ಮುಂದೆ ಖರೇ ಹೇಳುತ್ತೇನೆ. ರೂಢಿ ಅರ್ಧ. ಇನ್ನರ್ಧ, ಆ ಹುಡುಗಿಯ ಪಕ್ಕದಲ್ಲಿ ಕುಳಿತು ಒಪ್ಪಿಗೆಯ ಮುಖ ಮಾಡಲು ನನಗೆ ಮನಸ್ಸಿರಲಿಲ್ಲ. ರೂಢಿಯ ಹಿಂದೆ ಅಡಗುವುದು ಬಾಗಿಲಿನ ಹಿಂದೆ ಅಡಗುವುದಕ್ಕಿಂತ ಸುಲಭ.

ಮದುವೆಯ ನೋಂದಣಿಯಾಯಿತು. ಇನ್ನು ಲಾನ್ ಈರಣ್ಣನ ಹೆಂಡತಿಯೆಂಬ ಆಧಾರದ ಮೇಲೆ ಇಲ್ಲಿಯೇ ಇರಲು ಬೇರೆ ವೀಸಾ ಬೇಕು. ಅದಕ್ಕೆ ಅರ್ಜಿ, ಪಾಸ್‌ಪೋರ್ಟು, ನೋಂದಣಿ ಪತ್ರ, ಮನೆಯ ಉತಾರ, ಎಲ್ಲದರ ಜೊತೆಗೆ ಈ ಮದುವೆ ಹೆಸರಿಗಷ್ಟೇ ಆದದ್ದಲ್ಲ, ನಿಜವಾದದ್ದು ಎಂಬುದಕ್ಕೆ ಪುರಾವೆ. ಅದನ್ನು ಕೇಳಿ ಒಳಗೊಳಗೇ ನನಗೆ ಸಮಾಧಾನವಾಯಿತು. ನನ್ನಂತೆಯೇ ಅನುಮಾನ ಪಡುವ ಒಂದು ಸರಕಾರ ಇದೆಯಲ್ಲ ಎಂದುಕೊಂಡೆ.

ಆದರೆ ಇಂಥ ಅನುಮಾನ ನನ್ನ ಮೇಲೂ ಒಮ್ಮೆ ಬಿದ್ದಿತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮನೆಯನ್ನು ನನ್ನ ಹೆಸರಿಗೆ ಮಾಡಿಸಲು ಹೋದಾಗ, ಮೇಜಿನ ಆಚೆ ಕುಳಿತವರು ತಲೆ ಎತ್ತದೆ ಕೇಳಿದ್ದರು, “ನೀವು ಅವರ ಹೆಂಡತಿ ಅನ್ನಾಕ ಏನರ ಪುರಾವೆ ಐತೇನ್ರಿ?” ಇಪ್ಪತ್ತಾರು ವರ್ಷ ಅವರ ಧೋತರ ಒಗೆದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತೆ. ನಮ್ಮ ಮದುವೆಯ ಒಂದು ಫೋಟೋ ಕೂಡ ಇರಲಿಲ್ಲ. ಕಡೆಗೆ ಹುಸೇನಬಿಯೇ ಬಂದು ಸಾಕ್ಷಿ ಹೇಳಿ ಹೆಬ್ಬೆಟ್ಟು ಒತ್ತಿದಳು. ಆ ದಿನದ ಉರಿ ನನಗೆ ಈಗ ನೆನಪಾಗಬೇಕಿತ್ತು. ಆಗಲಿಲ್ಲ.

ವಿಚಾರಣೆಗೆ ಹವಾಲ್ದಾರರು ಮನೆಗೆ ಬಂದರು. ನಾನು ಎಂದಿನಂತೆ ಒಳಗೆ. “ಹುಡುಗನ ತಾಯಿ ಎಲ್ಲೆದಾರ್ರಿ?” ಎಂದರು. “ಒಳಗದಾಳ್ರಿ, ಮಂದಿ ಮುಂದ ಬರಾಕ ನಾಚ್ತಾಳ್ರಿ,” ಎಂದ ಈರಣ್ಣ. ಅವರು ಕೈಯಲ್ಲಿದ್ದ ಮದುವೆಯ ಫೋಟೋಗಳನ್ನು ತಿರುವಿ, ಶಾಂತವ್ವನ ಮುಖದ ಮೇಲೆ ಬೆರಳಿಟ್ಟು, “ಮತ್ತ ತಾಯಿ ಜಾಗಾದಾಗ ಕುಂತಾಕಿ ಯಾರು?” ಎಂದು ಕೇಳಿ, ಉತ್ತರ ಕೇಳುತ್ತಲೇ ಏನೋ ಉದ್ದಕ್ಕೆ ಬರೆದುಕೊಂಡರು. ಕನ್ನಡಿಯಲ್ಲಿ ಅವರ ಹುಬ್ಬು ಏರಿದ್ದು ನನಗೆ ಕಂಡಿತು.

ಹದಿನೈದು ದಿನಕ್ಕೆ ಪತ್ರ ಬಂತು. ಫೋಟೋದಲ್ಲಿ ತಾಯಿಯ ಸ್ಥಾನದಲ್ಲಿರುವವರು ದಾಖಲೆಯಲ್ಲಿರುವ ತಾಯಿಯಲ್ಲ. ನಿಜವಾದ ತಾಯಿ ಒಂದು ಫೋಟೋದಲ್ಲೂ ಇಲ್ಲ, ವಿಚಾರಣೆಗೂ ಎದುರಾಗಿಲ್ಲ. ಮದುವೆಯ ನೈಜತೆಯ ಬಗ್ಗೆ ಸಂಶಯವಿದೆ. ತಾಯಿಯನ್ನು ಕರೆದುಕೊಂಡು ಗದಗಿನ ಕಚೇರಿಗೆ ಬರತಕ್ಕದ್ದು. ಲಾನಳ ಮೊದಲಿನ ವೀಸಾ ಮುಗಿಯಲು ಇನ್ನು ಮೂರು ವಾರ ಉಳಿದಿತ್ತು. ಅಷ್ಟರಲ್ಲಿ ಇದು ಇತ್ಯರ್ಥವಾಗದಿದ್ದರೆ ಅವಳು ದೇಶ ಬಿಡಬೇಕು. ಅವಳಿಗಾಗಲೇ ಐದು ತಿಂಗಳ ಬಸಿರು.

ನಾನು ಬಯಸಿದ್ದೇ ಆಗುವಂತಿತ್ತು. ಆದರೂ ಆ ದಿನ ಊಟ ಸೇರಲಿಲ್ಲ. ಮಧ್ಯಾಹ್ನ ಮೊಣಕಾಲು ಹಿಡಿದುಕೊಂಡು ಕುಳಿತಿದ್ದಾಗ ಅವಳು ಆ ಹಸಿರು ಬಾಟಲಿ ತಂದು, ಕೇಳದೆಯೇ ನನ್ನ ಕಾಲಿಗೆ ಎಣ್ಣೆ ತಿಕ್ಕತೊಡಗಿದಳು. ಹೋಗುವವಳು ಯಾಕೆ ಕಾಲು ತಿಕ್ಕುತ್ತಾಳೆ ಎಂದು ಅದರಲ್ಲೂ ಒಂದು ಅನುಮಾನ ಹುಡುಕಿದೆ. ಸಿಗಲಿಲ್ಲ. ನೋವು ಮಾತ್ರ ಕಡಿಮೆಯಾಯಿತು.

ಸಂಜೆ ಈರಣ್ಣ ಕಂಪ್ಯೂಟರ್ ಅಂಗಡಿಯವನೊಬ್ಬನನ್ನು ಕರೆತಂದ. “ಯವ್ವಾ, ಈಗ ನಿಮ್ದೊಂದು ಫೋಟೋ ಹೊಡದು ಮದುವಿ ಫೋಟೋದಾಗ ಕೂಡ್ರಿಸಿ ಕೊಡ್ತೀನಿ. ಯಾರಪ್ಪಗೂ ಗೊತ್ತಾಗಂಗಿಲ್ಲ,” ಎಂದ ಆತ. ಗೊತ್ತಾಗುವುದಿಲ್ಲ ಎಂದು ತಾವಾಗಿಯೇ ಹೇಳುವವರನ್ನು ನಾನು ಹುಟ್ಟಿದಾಗಿನಿಂದ ನಂಬಿಲ್ಲ. ಬಾಗಿಲ ಮರೆಯಿಂದಲೇ, “ಖೊಟ್ಟಿ ಕೆಲಸ ಬ್ಯಾಡೋ ಈರಣ್ಣ,” ಎಂದೆ. “ಹಂಗಾದ್ರ ನೀನ ಹೇಳು, ಏನ್ ಮಾಡ್ಲಿ?” ಎಂದು ಮೊದಲ ಸಲ ಮಗ ನನ್ನ ಮೇಲೆ ದನಿ ಏರಿಸಿದ.

ಆಗ ಲಾನ್ ತನ್ನ ಫೋನು ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆಯೇ ಕುಳಿತಳು.

“ಅತ್ತಿ, ನೀವು ಫೋಟೋದಾಗ ಅದೀರಿ.”

ಅಕ್ಷತೆಯ ಹೊತ್ತಿನ ಫೋಟೋ. ಮುಂದೆ ಮದುಮಕ್ಕಳು, ಹಿಂದೆ ತಿಜೋರಿ. ಅವಳು ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡುತ್ತ ಹೋದಳು. ಇಬ್ಬರ ತಲೆಗಳ ನಡುವೆ ಕನ್ನಡಿ, ಕನ್ನಡಿಯಲ್ಲಿ ಅಡುಗೆಮನೆಯ ಬಾಗಿಲು, ಬಾಗಿಲಲ್ಲಿ ನಾನು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಅಕ್ಕಿಯಲ್ಲಿ ಹುಳು ಕಂಡವಳಂತೆ, ಕನ್ನಡಿಯಲ್ಲಿ ಕಾಣುವ ಸೊಸೆಯ ಬೆನ್ನನ್ನು ದಿಟ್ಟಿಸುತ್ತಿದ್ದೇನೆ.

ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. “ಯಾವಾಗ ನೋಡಿದಿ ಇದನ್ನ?” ಎಂದೆ.

“ಬಂದ ದಿನಾನ ಗೊತ್ತು ಅತ್ತಿ. ಕನ್ನಡಿದಾಗ ನೀವು ನನ್ನ ನೋಡ್ತೀರಿ, ನಾ ನಿಮ್ಮನ್ನ ನೋಡ್ತೀನಿ. ದಿನಾ.” ಆಮೇಲೆ ಪದಗಳನ್ನು ಹುಡುಕಿ ಜೋಡಿಸುತ್ತ ಹೇಳಿದಳು: “ಈ ಫೋಟೋ ನಮ್ಮವ್ವಗ ಕಳಿಸೀನಿ. ಅವ್ವ ಭಾಳ ನಕ್ಕಳು. ಅಕಿನೂ ಇವರನ್ನ ಹಿಂಗ ನೋಡ್ತಾಳ.” ಈರಣ್ಣನ ಕಡೆ ಕೈ ಮಾಡಿ ತೋರಿಸಿದಳು.

ಮೂವತ್ತು ವರ್ಷ! ಹಾಗಾದರೆ ಆ ಬೀಗರು, ಆ ನೆಂಟರು, ಉಂಡಿ ನುಂಗಿದ ನಿಮ್ಮ ಅಪ್ಪ, ಎಲ್ಲರೂ ಬೇಕೆಂದಾಗ ಕಣ್ಣೆತ್ತಿ ನನ್ನನ್ನು ನೋಡಿರಬಹುದಿತ್ತು. ಕನ್ನಡಿಯಲ್ಲಿ ನನಗೆ ಯಾರ ಕಣ್ಣು ಕಾಣುತ್ತದೋ ಅವರಿಗೆ ನನ್ನ ಕಣ್ಣೂ ಕಾಣುತ್ತದೆ ಎಂಬಷ್ಟು ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಗದಗಿನ ಕಚೇರಿಗೆ ಹುಸೇನಬಿಯೂ ಬಂದಳು. “ನಿನ್ನ ಮದುವಿಗೂ ನಾನ ಸಾಕ್ಷಿ, ನಿನ್ನ ಸೊಸಿ ಮದುವಿಗೂ ನಾನ ಸಾಕ್ಷಿ. ಇನ್ನ ಮೊಮ್ಮಗಳ ಮದುವಿತನಕ ಬದುಕ್ಬೇಕು ನೋಡ ನಾನು,” ಎಂದು ಬಸ್ಸಿನ ತುಂಬ ಕೇಳುವಂತೆ ಅಂದಳು. ಆದರೆ ಒಳಗೆ ಕರೆದದ್ದು ಈರಣ್ಣ, ಲಾನ್ ಮತ್ತು ನನ್ನನ್ನು ಮಾತ್ರ. ಅಧಿಕಾರಿ ಒಬ್ಬ ಹೆಣ್ಣುಮಗಳು, ಗಿರಿಜಾಳ ವಯಸ್ಸಿನವರು. ಫೋಟೋವನ್ನು ದೊಡ್ಡದು ಮಾಡಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

“ನೀವ ಏನ್ರಿ ಅವ್ವಾರ? ಹಿಂಗ್ಯಾಕ ನೋಡಾಕತ್ತೀರಿ?”

ಮುಶಿಗೇರಿಯ ಸಾಲೆಯಲ್ಲಿ ಎದ್ದು ನಿಂತಂತಾಯಿತು. ಬಾಗಿಲ ಕಡೆ ನೋಡಿದೆ. ಆ ಕೋಣೆಯ ಬಾಗಿಲು ಗಾಜಿನದು, ಅಡಗಲು ಬರುವಂತಿರಲಿಲ್ಲ.

“ಅನುಮಾನ ಇತ್ರಿ ಅಕಿ ಮ್ಯಾಲ,” ಎಂದೆ. ಈರಣ್ಣ ಕಣ್ಣು ಮುಚ್ಚಿಕೊಂಡ.

“ಈಗ?”

“ಈಗೂ ಸ್ವಲ್ಪ ಐತ್ರಿ.” ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಆದರೆ ಬಾಯಿ ತಾನಾಗಿಯೇ ಮುಂದುವರಿಯಿತು. “ನನ್ನ ಸೊಸಿ ಅಂತ ಐತ್ರಿ. ಮಂದಿ ಸೊಸಿ ಮ್ಯಾಲ ನಾ ಯಾಕ ಅನುಮಾನ ಪಡ್ಲಿ?”

ಅವರು ಪೆನ್ನು ಕೆಳಗಿಟ್ಟು ನಕ್ಕರು. “ಖೊಟ್ಟಿ ಮದುವಿ ಆಗಿದ್ರ ಅತ್ತಿನ್ನ ಮುಂದ ಕೂಡ್ರಿಸಿ ನಗಸ್ತಿದ್ರು. ಇಂಥಾ ಮಾರಿ ಮಾಡ್ಕೊಂಡ ಅತ್ತಿನ್ನ ಯಾರೂ ಬಾಡಿಗಿಗೆ ತರಂಗಿಲ್ಲ ಬಿಡ್ರಿ,” ಎಂದವರೇ ನನ್ನ ಹೇಳಿಕೆ ಬರೆಸಿ, ಸಹಿಗೆ ಕಾಗದ ಮುಂದೆ ತಳ್ಳಿದರು. ಏಳನೆಯ ಇಯತ್ತೆಯ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದೆ. ವೀಸಾ ಬಂದಾಗ ಹಳೆಯದು ಮುಗಿಯಲು ಎರಡು ದಿನ ಬಾಕಿ ಇತ್ತು.

ಈಗ ಪಡಸಾಲೆಯಲ್ಲಿ ತೊಟ್ಟಿಲಿದೆ, ತೊಟ್ಟಿಲಲ್ಲಿ ನಿಮ್ಮ ತಂಗಿ ಇದ್ದಾಳೆ. ಅವಳಿಗೆ ಓದು ಬಂದ ಮೇಲೆ ಇದನ್ನು ನೀವೇ ಓದಿ ಹೇಳಬೇಕು. ವೀಸಾದ ಅವಧಿ ಮುಂದುವರಿಸಲು ಹೊಸ ಫೋಟೋ ಬೇಕೆಂದು ಮೊನ್ನೆ ನಾವೆಲ್ಲ ತಿಜೋರಿಯ ಮುಂದೆ ಕುಳಿತೆವು. ನಾನು ನಡುವೆ, ತೊಡೆಯ ಮೇಲೆ ಕೂಸು. ಅದು ಏನು ಮಾಡಿತೋ, ಫೋಟೋದಲ್ಲಿ ನನ್ನ ಹಲ್ಲೆಲ್ಲ ಕಾಣುವಂತೆ ನಗು ಬಿದ್ದಿದೆ. ಹುಸೇನಬಿ ನೋಡಿ, “ಇದನ್ನ ಆಫೀಸಿಗೆ ಕೊಡಬ್ಯಾಡ್ರೆವ್ವಾ, ಅತ್ತಿ ನಗಾಕತ್ಯಾಳ, ಖೊಟ್ಟಿ ಅಂತಾರ!” ಎಂದಳು.

ಅವಳ ಮಾತಿನಲ್ಲಿ ಅರ್ಥವಿದೆ ಅನ್ನಿಸಿ, ಒಳಗೆ ಹೋಗಿ ಹಳೆಯ ಜಾಗದಲ್ಲಿ ನಿಂತು, ಆದಷ್ಟು ಸಂಶಯದ ಮುಖ ಮಾಡಿಕೊಂಡು ಕನ್ನಡಿಯತ್ತ ಓರೆಯಾಗಿ ನೋಡಿದೆ. ಲಾನ್ ಆಗಲೇ ಅಲ್ಲಿಂದ ನನ್ನನ್ನು ನೋಡುತ್ತಿದ್ದಳು.