ಎಡಗೈ ವೆನಿಲಾ, ಬಲಗೈ ವೆನಿಲಾ

ಇಪ್ಪತ್ತಾರು ವರ್ಷವಾದರೂ ಮೈಮೇಲಿನ ಒಂದು ವಸ್ತುವನ್ನೂ ನಾನೊಬ್ಬಳೇ ಆರಿಸಿರಲಿಲ್ಲ. ಸೀರೆಯ ಬಣ್ಣ ಅವ್ವನ ಆಯ್ಕೆ, ಕನ್ನಡಕ ಅಕ್ಕನದು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಅತ್ತರನ್ನಾದರೂ ಯಾರ ಮಾತೂ ಕೇಳದೆ ಆರಿಸಬೇಕು ಎಂದುಕೊಂಡು ಒಂದು ಬೆಳಿಗ್ಗೆ ಗಾಂಧಿ ಚೌಕದ ಅಂಗಡಿಗೆ ಹೊರಟೆ. ಕಾಯಿಪಲ್ಯೆ ತರಬೇಕೆಂದು ಅವ್ವನೂ ಜೊತೆಗೆ ಬಂದಳು.

ನನಗೆ ವೆನಿಲಾ ಬೇಕಿತ್ತು. ಐಸ್‌ಕ್ರೀಮಿನದಲ್ಲ, ಮಸಾಲೆಯ ಬಿಸುಪಿರುವಂಥದ್ದು. ಅಂಗಡಿಯ ಚಾಚಾ ಎರಡು ಶೀಶೆ ಮುಂದಿಟ್ಟರು. ಹಳದಿ ಮುಚ್ಚಳದ್ದರಲ್ಲಿ ದಾಲ್ಚಿನ್ನಿ. ತೆರೆದೊಡನೆ ಸಿಹಿ ಮೂಗಿಗೆ ಬರುತ್ತಿತ್ತು. ಕಂದು ಮುಚ್ಚಳದ್ದರಲ್ಲಿ ಲವಂಗ, ಕರಿಮೆಣಸು. ವೆನಿಲಾ ಎಲ್ಲೋ ಹಿಂದೆ ನಿಂತಿತ್ತು.

"ಹಳದೀದ ತಗೋ ಬೇ. ಆ ಇನ್ನೊಂದು ನೆಗಡಿ ಕಷಾಯ ನಾರಿದಂಗ ನಾರತೈತಿ," ಎಂದಳು ಅವ್ವ.

"ಹುಡುಗ್ಯಾರೆಲ್ಲಾ ಹಳದೀದ ಒಯ್ತಾರ್ರಿ," ಎಂದರು ಚಾಚಾ. ಆದರೂ ನನ್ನ ಮುಖ ನೋಡಿ, ಎಡ ಮಣಿಕಟ್ಟಿಗೆ ಹಳದಿಯದನ್ನು, ಬಲಕ್ಕೆ ಕಂದಿನದನ್ನು ಹಚ್ಚಿದರು. "ತಿಕ್ಕಬ್ಯಾಡ್ರಿ. ಸಂಜೀತನಾ ಇರ್ಲಿ, ಆಮ್ಯಾಲ ಹೇಳ್ರಿ."

ನಾನು ತಿಕೋಟಾ ಬಸ್ಸು ಹತ್ತಿದೆ. ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಸಂಜೆ ಮೂಸಿದಾಗ ಎಡಗೈಯಲ್ಲಿ ಬೆಳಗಿನ ಸಿಹಿ ಹಾಗೆಯೇ ಇತ್ತು. ಬಲಗೈಯಲ್ಲಿ ಬೆಳ್ಳುಳ್ಳಿ ಬಿಟ್ಟರೆ ಏನೂ ಇರಲಿಲ್ಲ. ಅವ್ವ ಗೆದ್ದಳು ಅಂದುಕೊಂಡೆ. ಬಸ್ಸು ಊರು ಮುಟ್ಟುವಾಗ ತಪ್ಪು ಹೊಳೆಯಿತು. ಮಧ್ಯಾಹ್ನ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಉಂಡದ್ದು ಬಲಗೈಯಲ್ಲಿ. ಸಾಬೂನು ಹಚ್ಚಿ ಮಣಿಕಟ್ಟಿನವರೆಗೆ ತೊಳೆದದ್ದೂ ಅದನ್ನೇ. ವಿದ್ಯಾರ್ಥಿ ಇಂಥ ಪ್ರಯೋಗ ಮಾಡಿ ತಂದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಮರುದಿನ ಅಂಗಡಿಗೆ ಹೋಗಿ, ಕಂದಿನದನ್ನು ಎಡಗೈಗೆ ಹಚ್ಚಲು ಹೇಳಿದೆ.

"ಯಾ ಅಲ್ಲಾ, ಅತ್ತರ ತಗೊಳ್ಳಾಕ ಬಂದೀರೋ, ಪರೀಕ್ಷಾ ಮಾಡಾಕ ಬಂದೀರೋ?" ಚಾಚಾ ನಕ್ಕರು.

ತಿಕೋಟಾ ತಲುಪುವವರೆಗೂ ಮೆಣಸಿನ ಚುರುಕು ಇತ್ತು. ಎರಡನೆಯ ತರಗತಿಯ ಹೊತ್ತಿಗೆ ಲವಂಗ ಮೆತ್ತಗಾಯಿತು. ಸಂಜೆ, ಕೈಯನ್ನು ಮುಖದ ಹತ್ತಿರ ತಂದರೆ ಮಾತ್ರ ತಿಳಿಯುವಷ್ಟು, ವೆನಿಲಾ ಬೆಚ್ಚಗೆ ಉಳಿದಿತ್ತು. ಪಕ್ಕದವರಿಗೆ ಗೊತ್ತಾಗದಷ್ಟು ಸಣ್ಣಗೆ. ನನಗೆ ಬೇಕಾಗಿದ್ದದ್ದು ಇದೇ.

ಬಸ್ಸಿಳಿದು ನೇರ ಅಂಗಡಿಗೆ ನಡೆದೆ. "ಕಂದೀದ ಕೊಡ್ರಿ."

"ನಿಮ್ಮ ಅವ್ವಾರು ಬ್ಯಾಡಂದಿದ್ರಲ್ರಿ?"

"ಹಚ್ಚಿಕೊಳ್ಳಾಕಿ ನಾನ್ರಿ."

ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಎದುರಿನ ಬಳೆ ಅಂಗಡಿಯವಳು ತಿರುಗಿ ನೋಡಿದಳು. ನೋಡಲಿ ಬಿಡು ಅನಿಸಿತು. ಆಟೋಗಳ ಗದ್ದಲದ ನಡುವೆ ಮನೆವರೆಗೂ ನಗುತ್ತಲೇ ಹೋದೆ.

ಅವ್ವ ಮೂಸಿ, "ಕಷಾಯಾನ ಇದು," ಎಂದಳು. ನಾನು ಮರುದಿನ ಬೆಳಿಗ್ಗೆ ಅದನ್ನೇ ಹಚ್ಚಿಕೊಂಡು ಹೊರಟೆ.

ಕಾಲೇಜಿನಲ್ಲಿ ಬಬಲೇಶ್ವರದಿಂದ ಬರುವ ಸಹೋದ್ಯೋಗಿ, ಉತ್ತರ ಪತ್ರಿಕೆಗಳ ಮೇಲೆ ಬಾಗಿದ್ದವಳು, ನಾನು ಪಕ್ಕ ಕೂತೊಡನೆ ತಟ್ಟನೆ ತಲೆ ಎತ್ತಿದಳು. "ಯವ್ವಾ! ಯಾರು ಕೊಡಿಸ್ಯಾರ ಇದನ್ನ? ಹೇಳ್ರಿ, ಹೇಳ್ರಿ!"

"ಯಾರೂ ಇಲ್ಲ. ನಾನ ಆರಿಸೇನಿ."

ಅಂಗಡಿ ಯಾವುದೆಂದು ಕೇಳಿದಳು. ಅದನ್ನು ಮಾತ್ರ ಹೇಳಲಿಲ್ಲ.