ತಾರೆ ಮರದ ಬಾಣಂತಿ

ಪ್ಲಾಸ್ಟರಿನೊಳಗಿನ ತುರಿಕೆಗೆ ಸಮನಾದ ತುರಿಕೆ ಈ ಲೋಕದಲ್ಲಿ ಇನ್ನೊಂದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಎಟುಕುವುದಿಲ್ಲ, ಆದರೆ ತನ್ನ ಅಸ್ತಿತ್ವವನ್ನು ಕ್ಷಣಕ್ಷಣಕ್ಕೂ ಸಾರುತ್ತಿರುತ್ತದೆ. ಅವ್ವನ ಸ್ವೆಟರ್ ಹೆಣೆಯುವ ಕಡ್ಡಿಯನ್ನು ಸಂದಿಯಲ್ಲಿ ತೂರಿಸಿ ಕೆರೆದುಕೊಂಡರೆ, ಇನ್ನೇನು ಸುಖ ಸಿಕ್ಕಿತು ಅನ್ನುವಷ್ಟರಲ್ಲಿ ತುರಿಕೆ ಒಂದು ಬೆರಳಿನಷ್ಟು ಕೆಳಕ್ಕೆ ಜಾರಿ ಕೂತುಬಿಡುತ್ತದೆ. ಈ ಸಲದ ಬೇಸಗೆಯನ್ನು ನಾನು ಬೆಳಗಾವಿಯ ನಮ್ಮ ಮನೆಯ ಕಿಟಕಿ ಪಕ್ಕದ ಮಂಚದ ಮೇಲೆ, ಈ ಅಗೋಚರ ಶತ್ರುವಿನೊಂದಿಗೆ ಕಳೆದೆ.

ಕಾಲು ಮುರಿದದ್ದು ಹೇಗೆ ಎಂದು ನೀವು ಕೇಳುವಿರಿ. ಕಾಡು ಸುತ್ತುವವಳೆಂದು ಬಳಗದಲ್ಲೆಲ್ಲ ಹೆಸರಾದವಳು ನಾನು. ನೋಡಲು ಬಂದವರು ಜಾಂಬೋಟಿಯ ಜಾರುಬಂಡೆಯನ್ನೋ, ಲೋಂಡಾದ ಕಣಿವೆಯನ್ನೋ, ಕಡೇಪಕ್ಷ ಒಂದು ಕರಡಿಯನ್ನೋ ನಿರೀಕ್ಷಿಸಿದ್ದರು. ನಿಜಸಂಗತಿ ಅಷ್ಟು ಘನವಾದದ್ದಲ್ಲ. ಕೋಟೆಯೊಳಗಿನ ಬಸದಿ ನೋಡಿ ಹೊರಬಂದು ಚಪ್ಪಲಿ ಹುಡುಕುತ್ತಿದ್ದೆ. ಕಣ್ಣು ಆಕಾಶದಲ್ಲಿ ತೇಲುತ್ತಿದ್ದ ಗಿಡುಗದ ಮೇಲಿತ್ತು, ಕಾಲು ಅಲ್ಲಿಲ್ಲದ ಒಂದು ಮೆಟ್ಟಿಲ ಮೇಲಿತ್ತು.

ತಾರೀಖು ಹಾಕಿ ಬರೆದಿಡದಿದ್ದರೆ ನನಗೆ ಯಾವುದೂ ನಡೆದಂತೆಯೇ ಅನ್ನಿಸುವುದಿಲ್ಲ. ಯಾವ ಭಾನುವಾರ ಯಾವ ಹಾದಿ, ಯಾವ ತೊರೆಯಲ್ಲಿ ನೀರು ಎಷ್ಟು, ಯಾವ ಕೊಂಬೆಯಲ್ಲಿ ಯಾವ ಹಕ್ಕಿ, ಎಲ್ಲಕ್ಕೂ ಗೆರೆ ಎಳೆದ ಪುಟಗಳಿವೆ. ಈ ಬೇಸಗೆಯ ಪುಟದಲ್ಲಿ ಮಾತ್ರ ಮಾತ್ರೆ ನುಂಗಿದ ವೇಳೆ ಮತ್ತು ಎದುರು ಮನೆಯ ನೀರಿನ ಟಾಕಿಯ ಮೇಲೆ ಕೂತ ಪಾರಿವಾಳಗಳ ಎಣಿಕೆ. ಹೊರಗೆ ಬಿಸಿಲು ಏರಿದಂತೆಲ್ಲ, ಜಾಂಬೋಟಿ ಕಡೆ ಈಗ ಕವಳಿ ಹಣ್ಣು ಕಪ್ಪಾಗಿರಬೇಕು, ಮಧ್ಯಾಹ್ನ ಸರಿದ ಮೇಲೆ ಒಣಗಿದೆಲೆಯ ಮೇಲೆ ಯಾವುದೋ ಕಾಲುಗಳು ಸರಸರ ಓಡಾಡುತ್ತಿರಬೇಕು ಎಂದು ನೆನೆದು ನೆನೆದು, ಫ್ಯಾನಿನ ಸದ್ದನ್ನೇ ಗಾಳಿಯೆಂದು ನಂಬಲು ಯತ್ನಿಸುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಹಂಬಲವಿದ್ದದ್ದು ಒಂದು ಬಾಣಂತಿಯನ್ನು ನೋಡಲು. ಜಾಂಬೋಟಿ ಕಡೆಯ ಒಂದು ರಸ್ತೆಯ ತಿರುವಿನಲ್ಲಿ ಹಳೆಯ ತಾರೆ ಮರವಿತ್ತು. ಅದರ ಎತ್ತರದ ಪೊಟರೆಯಲ್ಲಿ ಪ್ರತಿ ವರ್ಷ ಒಂದು ಮಂಗಟ್ಟೆ ಹಕ್ಕಿ ಬಾಣಂತನಕ್ಕೆ ಕೂರುತ್ತಿತ್ತು. ಹೆಣ್ಣು ಒಳಗೆ ಹೋಗಿ, ಬಾಗಿಲಿಗೆ ತಾನೇ ಗೋಡೆ ಕಟ್ಟಿಕೊಂಡು, ಕೊಕ್ಕು ಹೊರಡುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಮರಿಯ ರೆಕ್ಕೆ ಬಲಿಯುವ ತನಕ ಗಂಡು ಹಕ್ಕಿ ಅತ್ತಿಹಣ್ಣು ಆಲದಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತಿರಬೇಕು. ಅವ್ವ ಮೂರು ಹೊತ್ತೂ ತಾಟು ತಂದು ಮಂಚದ ಮೇಲಿಡುವಾಗಲೆಲ್ಲ ಆ ಹೆಣ್ಣಿಗೂ ನನಗೂ ಇದ್ದ ಸಾಮ್ಯ ಮನಸ್ಸಿಗೆ ಬಂದು ನಗುತ್ತಿದ್ದೆ. ಅವಳದಾದರೂ ಸಾರ್ಥಕವಾದ ಸೆರೆ.

ಈ ಗೂಡು ಗೊತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ಖಾನಾಪುರದಲ್ಲಿ ಸಾಲಿ ಕಲಿಸುವ ಗೆಳತಿ ರಾಜಶ್ರೀಗೆ. ಹಕ್ಕಿ ನೋಡುವವರಲ್ಲಿ ಗೂಡಿನ ಜಾಗ ಯಾರಿಗೂ ಹೇಳಬಾರದೆಂಬ ನೇಮವಿದೆ. ಹೇಳಿದರೆ ಕ್ಯಾಮೆರಾಗಳು ಬರುತ್ತವೆ, ಕ್ಯಾಮೆರಾಗಳಿಗೆ ಹೆದರಿ ಗಂಡು ಹಣ್ಣು ತರುವುದನ್ನು ಬಿಡುತ್ತದೆ. ನಾವಿಬ್ಬರೂ ಆ ನೇಮವನ್ನು ವ್ರತದಂತೆ ಪಾಲಿಸಿದ್ದೆವು. ನಾನು ಹೋಗಲಾಗದ ಈ ವರ್ಷ ಅವಳೇ ಸ್ಕೂಟರಿನಲ್ಲಿ ಹೋಗಿ, ಫೋನನ್ನು ಮರದ ಕಡೆ ಹಿಡಿದು, ಗಂಡಿನ ಗಹಗಹಿಸುವ ಕೂಗನ್ನು ನನಗೆ ಕೇಳಿಸುತ್ತಿದ್ದಳು.

ಒಂದು ಬೆಳಗ್ಗೆ ಅವಳ ದನಿಯಲ್ಲಿ ಆ ಉಲ್ಲಾಸವಿರಲಿಲ್ಲ.

“ಮರಕ್ಕ ಕೆಂಪು ನಂಬರ್ ಬರದಾರ ಲೇ. ರಸ್ತಾ ಅಗಲ ಮಾಡ್ತಾರಂತ.”

“ಒಳಗ ಐತೇನ?”

“ಐತಿ. ಗಂಡ ಈಗರ ಹಣ್ಣು ಕೊಟ್ಟು ಹೋತು.”

ಮರಗಳನ್ನು ಎಣಿಸಲು ಬಂದವರಿಗೆ ಅಲ್ಲೊಂದು ಸಂಸಾರವಿದೆಯೆಂದು ಹೇಗೆ ತಿಳಿಯಬೇಕು? ನಾವೇ ಯಾರಿಗೂ ಹೇಳಿರಲಿಲ್ಲವಲ್ಲ. ಈಗ ಹೇಳಿದರೆ ಜನ, ಹೇಳದಿದ್ದರೆ ಕೊಡಲಿ. ಎರಡು ದಿನ ನಾವು ಫೋನಿನಲ್ಲಿ ವಾದಿಸಿ, ಕೊನೆಗೆ ಹೇಳುವುದೆಂದು ತೀರ್ಮಾನಿಸಿದೆವು. ನಾನು ಮಂಚದ ಮೇಲಿಂದಲೇ ಪಕ್ಷಿಯ ಶಾಸ್ತ್ರೀಯ ನಾಮಧೇಯ, ಪಶ್ಚಿಮಘಟ್ಟದ ಹೊರಗೆ ಅದು ಎಲ್ಲೂ ಇಲ್ಲವೆಂಬ ವಿಶೇಷ ಎಲ್ಲವನ್ನೂ ತುಂಬಿ ಗಂಭೀರವಾದ ಅರ್ಜಿಯೊಂದನ್ನು ರಚಿಸಿ ಅರಣ್ಯ ಇಲಾಖೆಗೆ ಕಳಿಸಿದೆ. ಮರ ಕಡಿಯಲು ಅನುಮತಿ ಆಗಲೇ ಆಗಿಹೋಗಿದೆಯೆಂದು ಸೌಜನ್ಯದಿಂದಲೇ ಉತ್ತರ ಬಂತು. ಇನ್ನುಳಿದವನು ಮರ ಕಡಿಸುವ ಮುಕಾದಮನೊಬ್ಬನೇ. ಅವನಿಗೂ ಅದೇ ಅರ್ಜಿ ಓದಿ ಹೇಳೆಂದು ರಾಜಶ್ರೀಗೆ ಹೇಳುತ್ತಿದ್ದಾಗ, ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಿದಳು.

“ಅದನ್ನೆಲ್ಲಾ ಕೇಳಿ ಅಂವಾ ಏನ್ ಮಾಡ್ತಾನವಾ? ಬಾಣಂತಿ ಇರೂ ಮನಿ ಯಾರರ ಕೆಡವತಾರೇನಪಾ ಅಂತ ಕೇಳ್ರಿ.”

ರಾಜಶ್ರೀ ಅಷ್ಟನ್ನೇ ಕೇಳಿದಳು, ಮರಾಠಿಯಲ್ಲಿ. ಮುಕಾದಮ ಬಹಳ ಹೊತ್ತು ಮೇಲೆ ನೋಡಿದನಂತೆ. ಅಷ್ಟರಲ್ಲಿ ಗಂಡು ಬಂದು ಸೀಳಿನಲ್ಲಿ ಹಣ್ಣಿಟ್ಟು ಹೋಯಿತಂತೆ.

“ಬಾಯೀ, ನಂಬರ್ ಬಿದ್ದ ಝಾಡ ಬಿಡಾಕ ನನಗ ಅಧಿಕಾರ ಇಲ್ಲ,” ಎಂದನಂತೆ, ಕನ್ನಡಕ್ಕೆ ತಿರುಗಿ. “ಯಾವುದು ಮೊದಲ, ಯಾವುದು ಕಡೀಕ ಅನ್ನೂದು ಅಷ್ಟ ನನ್ನ ಕೈಯಾಗಿನ ಮಾತು. ಇದನ್ನ ಕಡೀಕ ಇಡ್ತೀನಿ. ಆದ್ರ ಮಳಿ ಹತ್ತಿದ್ರ ಲಾರಿ ಬರಂಗಿಲ್ಲ, ಅದಕ್ಕ ಮಳಿಗಿಂತ ಮೊದಲ ಕಡೀಲೇಬೇಕು. ಅದರ ಒಳಗ ನಿಮ್ಮ ಬಾಳಂತಿಣೀನ್ನ ಎಬ್ಬಸ್ರಿ.”

ಅಂದಿನಿಂದ ನನ್ನ ದಿನಗಳು ಮೋಡಗಳಿಗೂ ಒಂದು ಮರಿಯ ರೆಕ್ಕೆಗಳಿಗೂ ನಡುವೆ ಹಂಚಿಹೋದವು. ಪ್ರತಿ ಬೇಸಗೆಯಲ್ಲೂ ಮಳೆಗಾಗಿ ಹಪಹಪಿಸುವ ನಾನು, ಕಿಟಕಿಯಾಚೆ ಪಡುವಣದಲ್ಲಿ ಕಪ್ಪು ಕಂಡರೆ ಇನ್ನೂ ಸ್ವಲ್ಪ ತಡಿ ಮಾರಾಯಾ ಎಂದು ಕೈ ಮುಗಿಯುತ್ತಿದ್ದೆ. ಸಂಜೆ ಫೋನು ಬರುವ ಹೊತ್ತಿಗೆ ಅವ್ವನೂ ಪಕ್ಕದಲ್ಲಿ ಬಂದು ಕೂರುತ್ತಿದ್ದಳು, “ಎದ್ದಾಳೇನ?” ಎಂಬುದು ಅವಳ ಮೊದಲ ಪ್ರಶ್ನೆ, ಮಗಳ ಕಾಲಿನ ವಿಚಾರ ಆಮೇಲೆ. ಸುತ್ತಲಿನ ಮರಗಳು ಒಂದೊಂದಾಗಿ ಉರುಳಿದವು. ಗರಗಸದ ಸದ್ದಿಗೆ ಗಂಡು ಒಂದು ದಿನ ಬರಲೇ ಇಲ್ಲವಂತೆ. ಮರುದಿನ ಮಧ್ಯಾಹ್ನ ಕೆಲಸಗಾರರು ಊಟಕ್ಕೆ ಕೂತಾಗ ಬಂತಂತೆ. ಆಮೇಲೆ ಮುಕಾದಮ ಊಟದ ಬಿಡುವನ್ನು ಸ್ವಲ್ಪ ಲಂಬಿಸಿದನೆಂದು ರಾಜಶ್ರೀ ಹೇಳಿದಳು.

ಕೊನೆಗೊಂದು ದಿನ ಅವಳು ನಸುಕಿನಲ್ಲೇ ಫೋನು ಮಾಡಿದಳು. “ಗ್ವಾಡಿ ಒಡೀತು. ತಾಯಿ ಹೊರಗ ಬಂತು. ಮರಿ ಬಾಗಲದಾಗ ಕುಂತೈತಿ, ಅಂಜಾಕತ್ತೈತಿ.” ಎಷ್ಟೋ ಹೊತ್ತಿನ ಮೇಲೆ, “ಹಾರಿತು,” ಎಂದಳು. ನೋಡಲೇಬೇಕೆಂದು ಬೇಸಗೆಯುದ್ದಕ್ಕೂ ಬಯಸಿದ್ದ ದೃಶ್ಯ ನನ್ನ ಕಿವಿಯಲ್ಲಿ ಒಂದೇ ಮಾತಾಗಿ ಮುಗಿಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಮಾಡಲು ಎದ್ದಳು.

ಮರ ಬಿದ್ದ ದಿನ ರಾಜಶ್ರೀ ಫೋನು ಮಾಡಲಿಲ್ಲ. ನಾನೂ ಕೇಳಲಿಲ್ಲ.

ಪ್ಲಾಸ್ಟರು ಬಿಚ್ಚಿ, ಬಡಕಲು ಕಾಲು ನೆಲಕ್ಕೆ ಒಗ್ಗಿದ ಮೇಲೆ, ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಅವಳ ಸ್ಕೂಟರಿನ ಹಿಂದೆ ಕೂತು ಹೋದೆ. ತಿರುವಿನಲ್ಲಿ ಬೆಳಕು ಅತಿಯಾಗಿತ್ತು. ಬರುವ ವರ್ಷ ಆ ಜೋಡಿ ಹಳೆಯ ಪೊಟರೆಯನ್ನು ಹುಡುಕಿಕೊಂಡು ಇಲ್ಲಿಗೇ ಬರುತ್ತದಲ್ಲ ಎಂಬುದು ಇಬ್ಬರ ಮನಸ್ಸಿನಲ್ಲೂ ಇತ್ತು. ನಾನು ಬೆರಳೆತ್ತಿ, ಪೊಟರೆ ಇದ್ದದ್ದು ಅಲ್ಲಿ ಎಂದೆ.

“ಅಲ್ಲಲ್ಲ, ಇನ್ನಷ್ಟು ಮ್ಯಾಲ,” ಎಂದಳು ರಾಜಶ್ರೀ.

“ಅಷ್ಟು ಮ್ಯಾಲ ಎಲ್ಲೀದ? ಆ ಮೋಡದ ಬಾಜುಕ.”

ಖಾಲಿ ಆಕಾಶದಲ್ಲಿ ಜಾಗ ಗೊತ್ತುಮಾಡುತ್ತ ನಾವು ಜಗಳಾಡುತ್ತಿದ್ದಾಗ, ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಿದ್ದ ಒಬ್ಬ ಬೈಕು ನಿಲ್ಲಿಸಿ, ತಾನೂ ಕತ್ತೆತ್ತಿ ನೋಡಿ, ಏನೂ ಕಾಣದೆ ಕೇಳಿದ: “ಏನೈತ್ರಿ ಅಕ್ಕಾರ ಅಲ್ಲಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಮೊದಲಿನಿಂದ ಎಲ್ಲವನ್ನೂ ಹೇಳಿದೆವು. ಅವನ ಹೆಂಡತಿ ಬೈಕಿನಿಂದ ಇಳಿದು, ನಾವು ತೋರಿಸಿದ ಎತ್ತರವನ್ನೇ ದಿಟ್ಟಿಸುತ್ತ, ತಮ್ಮ ಊರ ಹಿಂದಿನ ಅಡವಿಯಲ್ಲೂ ಅಂಥದೇ ಒಂದು ಪೊಟರೆ ಇದೆಯೆಂದೂ, ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲವೆಂದೂ ಹೇಳಿದಳು.