ಹನ್ನೊಂದು ಬಳೆಯ ಡಜನ್

ಮೋರಟಗಿಯಲ್ಲಿ ನಮ್ಮ ಓಣಿಯ ಹೆಂಗಸರಿಗೆಲ್ಲ ಬಳೆ ಇಡುತ್ತಿದ್ದವಳು ಜೈತುನಬಿ. ಮುಂಗೈ ಹಿಡಿದು ಹಿಚುಕಿ ನೋಡಿದರೆ ಸಾಕು, ಅಳತೆ ಗೊತ್ತಾಗುತ್ತಿತ್ತು. ಇಡುವಾಗ ಒಡೆದ ಬಳೆಯ ನಷ್ಟ ಯಾವತ್ತೂ ಆಕೆಯ ಪಾಲಿಗೇ. ಡಜನ್ ಎಂದರೆ ಆಕೆ ಇಟ್ಟಷ್ಟು; ಯಾರೂ ಎಣಿಸುತ್ತಿರಲಿಲ್ಲ.

ನಾನು ಸಾಲಿಗೆ ಹೋದವಳಲ್ಲ. ಹಳೆಯ ಅಂಕಲಿಪಿ ನೋಡಿ ಓದಲು ಕಲಿತೆ. ಹನ್ನೆರಡು ನಗಕ್ಕೆ ಒಂದು ಡಜನ್ ಎಂದು ಅದರಲ್ಲಿತ್ತು. ಅಷ್ಟು ತಿಳಿದದ್ದಕ್ಕೇ ನನಗೆ ಹೆಮ್ಮೆ.

ಎಪ್ಪತ್ನಾಲ್ಕರಲ್ಲಿ ನಾದಿನಿ ಬಾಳಮ್ಮನ ಕುಬಸ. ಬಸುರಿಗೆ ಹಸಿರು ಬಳೆ ಇಡಲು ಜೈತುನಬಿಯನ್ನು ಕರೆಸಿದ್ದೆವು. ನಾನು ಅಡಿಗೆಮನೆಯಿಂದ ಬರುವಷ್ಟರಲ್ಲಿ ಒಂದು ಡಜನ್ ಇಟ್ಟು ಮುಗಿಸಿದ್ದಳು. ಎಣಿಸಿದೆ. ಬಲಗೈಗೆ ಆರು, ಎಡಗೈಗೆ ಐದು.

“ಜೈತುನಕ್ಕಾ, ಡಜನ್ ಅಂದ್ರ ಹನ್ನೆರಡಲ್ಲೇನು? ಬಸುರಿ ಕೈಯಾಗೂ ಕಡಿಮಿ ಇಡ್ತೀಯೇನು?” ಎಂದೆ, ಎಲ್ಲರೆದುರಿಗೆ.

“ಡಜನ್ನೂ ಸೊರಗೇತಿ ಬಿಡವ್ವಾ, ಈಗಿನ ತುಟ್ಟಿ ಕಾಲಕ್ಕ,” ಎಂದಳು ನೆರೆಮನೆಯ ಹೊನ್ನವ್ವ. ಹೆಂಗಸರು ನಕ್ಕರು.

ಜೈತುನಬಿ ಒಮ್ಮೆ ಒಳಬಾಗಿಲ ಕಡೆ ನೋಡಿದಳು. ತಪ್ಪಾಯಿತೆಂದು ಹೇಳಿ, ಗಂಟಿನಿಂದ ಇನ್ನೊಂದು ಬಳೆ ತೆಗೆದು ಇಟ್ಟಳು.

ಸಂಜೆ ದೀಪ ಹಚ್ಚಲು ಹೋದಾಗ ದೇವರ ಜಗಲಿಯ ಮೇಲೆ ಒಂದು ಹಸಿರು ಬಳೆ ಇತ್ತು. ಅತ್ತೆ ಲಕ್ಕವ್ವನನ್ನು ಕೇಳಿದೆ. ಕುಬಸದ ಡಜನ್ನಿನಲ್ಲಿ ಮೊದಲ ಬಳೆಯನ್ನು ಜೈತುನಬಿ ದೇವಿಗೆಂದು ಮನೆಯ ಹಿರಿಯಳ ಉಡಿಗೆ ಹಾಕುತ್ತಾಳಂತೆ. ಅತ್ತೆ ಅದನ್ನು ಒಳಗೆ ತಂದಿಟ್ಟಿದ್ದರು. ಹಾಗೆಂದು ಆಕೆ ಹೇಳಬಹುದಿತ್ತಲ್ಲ ಎಂದೆ.

“ದೇವಿಗೆ ಕೊಟ್ಟದ್ದನ್ನ ಬಾಯಿಲೆ ಆಡಿ ತೋರಸ್ತಾರೇನವ್ವಾ?” ಎಂದರು ಅತ್ತೆ.

ದಿನಾ ಆ ಜಗಲಿಯ ಮುಂದೆ ಕೂಡುವವಳು ನಾನು. ಅಂದು ಕೂಡಲಾಗಲಿಲ್ಲ.

ಬೆಳಗ್ಗೆ ಜೈತುನಬಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಆಕೆ ಚಾಪೆ ಹಾಸಿ ಕೂಡಿಸಿ, ಬಾಳಮ್ಮ ಹೇಗಿದ್ದಾಳೆಂದು ಕೇಳಿದಳು. ಅಲ್ಲಿಂದ ಹೊನ್ನವ್ವನ ಮನೆಗೆ, ಆಮೇಲೆ ಕುಬಸಕ್ಕೆ ಬಂದಿದ್ದ ಎಲ್ಲರ ಮನೆಗೂ ಹೋಗಿ ತಪ್ಪು ನನ್ನದೆಂದು ಹೇಳಿದೆ. ಎಲ್ಲರೂ ಹೌದೇನು ಎಂದರು. ಆದರೂ ನಾಗರಪಂಚಮಿಗೆ ಬಳೆ ಇಡಿಸಿಕೊಳ್ಳುವಾಗ ಹೊನ್ನವ್ವ ಒಂದೊಂದನ್ನೇ ಮುಟ್ಟಿ ಎಣಿಸಿದಳು. ಉಳಿದವರೂ ಎಣಿಸಿದರು.

ಅಂದಿನಿಂದ ಜೈತುನಬಿ ಪ್ರತಿ ಮನೆಯಲ್ಲೂ ಬಾಯಿಬಿಟ್ಟು ಎಣಿಸತೊಡಗಿದಳು. ನಮ್ಮ ಮನೆಗೆ ಬಂದಾಗ, ಇಲ್ಲಿ ಬೇಡ ಎಂದು ನಾನು ಬೇಡಿಕೊಂಡೆ.

“ಇರಲಿ ತಂಗೆವ್ವಾ. ನನ್ನ ಕೈ ಮ್ಯಾಲ ನನಗೂ ಈಗ ನಂಬಿಗಿ ಇಲ್ಲ,” ಎಂದು ನನ್ನ ಮುಂಗೈ ಹಿಡಿದು, ಒಂದು ಎಂದಳು.

ಹನ್ನೆರಡು ಎನ್ನುವವರೆಗೂ ನಾನು ತಲೆ ಎತ್ತಲಿಲ್ಲ.